ಕರ್ನಲ್ ಸಾಹೇಬರ ಕೋಲಿಗೆ ಹೊಸ ಕಾವು

ಈ ಕತೆಯನ್ನು ನನಗೆ ಮೊದಲು ಹೇಳಿದವರು ಬೈರೇಗೌಡ ಮಾವ. ನಮ್ಮೂರ ಭಜನೆ ಮನೆಯಲ್ಲಿ ತಾಳ ಹಾಕುವವರು. ಮಂಗಳಾರತಿ ಮುಗಿದು, ಉಸಲಿ ಕೈಗೆ ಬಂದ ಮೇಲೆಯೇ ಅವರು ಕತೆಗೆ ಬಾಯಿ ಬಿಡುತ್ತಿದ್ದದ್ದು. ದೇವರ ಮುಂದೆ ಕೂತು ಹೇಳಿದ್ದರಿಂದ ನಾನಂತೂ ನಂಬಿದ್ದೇನೆ. ನೀವು ನಂಬುವುದು ನಿಮಗೆ ಬಿಟ್ಟದ್ದು.

ಒಂದೂರಲ್ಲಿ ಪಾಪಮ್ಮ ಎಂಬ ತಾಯಿ. ಅವಳಿಗೆ ಒಬ್ಬನೇ ಮಗ, ಮುನಿವೆಂಕಟ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ತೊಂದರೆ ಇದ್ದದ್ದೇ ಅಲ್ಲಿ. ಎಮ್ಮೆ ಕಾಯಲು ಇಟ್ಟುಕೊಂಡವರು ಬಿಡಿಸಿದರು. ಗಾಣದವರು ಬಿಡಿಸಿದರು. ಛತ್ರದವರೂ ಬಿಡಿಸಿದರು. ಪಾಪಮ್ಮ ಆಂಜನೇಯನ ಮುಂದೆ ನಿಂತು, "ಸ್ವಾಮಿ, ಇವನು ಒಂದು ಕಡೆ ನೆಟ್ಟಗೆ ನಿಂತರೆ ನಿನಗೆ ನೂರೆಂಟು ವಡೆಯ ಹಾರ" ಎಂದು ಹರಕೆ ಹೊತ್ತಳು. ಆ ವಾರವೇ ಕರ್ನಲ್ ಸಾಹೇಬರ ಹತ್ತಿರ ಕೆಲಸ ಸಿಕ್ಕಿತು.

ಸಾಹೇಬರಿಗೆ ಗಾಲ್ಫ್ ಆಟದ ಹುಚ್ಚು. ಊರಾಚೆಯ ಬಯಲಲ್ಲಿ, ಕಬ್ಬಿಣದ ತಲೆಯ ಕೋಲಿನಿಂದ ಒಂದು ಸಣ್ಣ ಚೆಂಡನ್ನು ಹೊಡೆಯುವುದು. ಅದರ ಹಿಂದೆ ನಡೆಯುವುದು. ಕುಳಿಗೆ ಬೀಳಿಸುವುದು. ಬಿದ್ದದ್ದನ್ನು ತೆಗೆದು ಮತ್ತೆ ಹೊಡೆಯುವುದು. ಅಷ್ಟು ಕಷ್ಟಪಟ್ಟು ಬೀಳಿಸಿದ್ದನ್ನು ಮತ್ತೆ ಯಾಕೆ ತೆಗೆಯುತ್ತಾರೆ ಎಂದು ನಾನು ಮಾವನನ್ನು ಕೇಳಿದ್ದೆ. ಅವರಿಗೂ ತಿಳಿಯದು. ಕೋಲುಗಳ ಚೀಲ ಹೊತ್ತು ಹಿಂದೆ ನಡೆಯುವುದು ಮುನಿವೆಂಕಟನ ಕೆಲಸ.

ಒಂದು ಸೋಮವಾರ ಸಾಹೇಬರು ಬೀಸಿದ ಏಟು ಚೆಂಡಿಗೆ ಬೀಳಲಿಲ್ಲ, ಪಕ್ಕದ ಗುಂಡುಕಲ್ಲಿಗೆ ಬಿತ್ತು. ಅವರ ಅಪ್ಪನ ಕಾಲದ ಕೋಲು! ಕಬ್ಬಿಣದ ತಲೆ ಉಳಿಯಿತು. ಹಿಡಿಯುವ ಮರದ ಕಾವು ತಲೆಯಿಂದ ಒಂದು ಗೇಣು ಮೇಲೆ ಲಟಕ್ಕನೆ ಮುರಿಯಿತು.

"ಮುನಿವೆಂಕಟ! ಭಾನುವಾರ ಡಾಕ್ಟರ ಜೊತೆ ಪಂದ್ಯ ಇದೆ. ಅಷ್ಟರಲ್ಲಿ ಇದಕ್ಕೆ ಹೊಸ ಕಾವು ಹಾಕಿಸಿ ತರಬೇಕು. ತಂದರೆ ಕೆಲಸ ಉಂಟು. ಇಲ್ಲದಿದ್ದರೆ ಇಲ್ಲ!"

ಪಾಪಮ್ಮ ಎದೆ ಹಿಡಿದುಕೊಂಡಳು. "ನೋಡಪ್ಪಾ, ಸೀದಾ ಬಡಗಿ ವೀರಾಚಾರಿಗಳ ಹತ್ತಿರ ಹೋಗು. ಅಲ್ಲಿ ಇಲ್ಲಿ ಇಟ್ಟು ಬರಬೇಡ. ಆಚಾರಿಗಳ ಕೈಗೇ ಕೊಡು!"

"ಆಗಲಮ್ಮ, ಹಂಗೇ ಮಾಡ್ತೀನಿ."

ಮಂಗಳವಾರ ಹೋದ. ಆಚಾರಿಗಳು ಊಟಕ್ಕೆ ಕೂತಿದ್ದರು. ಮುದ್ದೆ ಮುರಿದು ಸಾರಿಗೆ ಅದ್ದುತ್ತಿದ್ದ ಕೈಗೇ ಕೋಲು ತುರುಕಿದ. ಮುದ್ದೆ ಒಂದು ಕಡೆ, ಸಾರು ಒಂದು ಕಡೆ!

"ಎದ್ದು ಹೋಗೋ ಆಚೆ!" ಎಂದು ಆಚಾರಿಗಳು ಕೋಲಿನ ಸಮೇತ ಓಡಿಸಿದರು.

ಮನೆಯಲ್ಲಿ ಪಾಪಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನಪ್ಪಾ! ಉಣ್ಣೋರ ಕೈಗೆ ಯಾರಾದರೂ ಕೊಡ್ತಾರೇನೋ? ಅವರು ಉಂಡು, ಕೈ ತೊಳೆದು ಎದ್ದ ಮೇಲೆ ಕೊಡಬೇಕು!"

"ಆಗಲಮ್ಮ, ಹಂಗೇ ಮಾಡ್ತೀನಿ."

ಬುಧವಾರ ಹೊತ್ತು ಹುಟ್ಟುವ ಮೊದಲೇ ಹೋಗಿ ಜಗಲಿಯ ಮೇಲೆ ಕೂತ. ಆಚಾರಿಗಳು ಉಳಿ ಹಿಡಿದರು, ಇವನು ಕೂತ. ಗರಗಸ ಹಿಡಿದರು, ಇವನು ಕೂತ. ಮಧ್ಯಾಹ್ನ ಆಯಿತು. ಹೊತ್ತು ವಾಲಿತು. ಕೂತೇ ಇದ್ದ!

"ಯಾಕಯ್ಯಾ, ಬೆಳಗಿಂದ ಕೂತಿದ್ದೀಯ?"

"ನೀವು ಉಂಡು ಕೈ ತೊಳೀಲಿ ಅಂತ."

"ಇವತ್ತು ಏಕಾದಶಿ ಕಣೋ! ನಾನು ಉಣ್ಣೋದು ನಾಳೆ!"

"ಹಂಗಾದ್ರೆ ನಾಳೆ ಬರ್ತೀನಿ" ಎಂದು ಕೋಲು ಕಂಕುಳಲ್ಲಿಟ್ಟುಕೊಂಡು ಎದ್ದೇ ಬಂದ.

"ಅಯ್ಯೋ ನನ್ನಪ್ಪಾ! ಬಾಯಿ ಇಲ್ವೇನೋ ನಿನಗೆ? ಹೋದ ತಕ್ಷಣ ಕೊಟ್ಟು, ಅವರು ಏನು ಕೇಳ್ತಾರೋ ಅದನ್ನ ತಂದುಕೊಡಬೇಕು!"

"ಆಗಲಮ್ಮ, ಹಂಗೇ ಮಾಡ್ತೀನಿ."

ಗುರುವಾರ ಕೊಟ್ಟ. ಆಚಾರಿಗಳು ಮುರುಕು ನೋಡಿ, "ಅಳತೆ ಖಚಿತ ಆಗಲಿ. ತಗೋ ಈ ದಾರದ ಉಂಡೆ. ಸಾಹೇಬರ ಕೈಯಿಂದ ನೆಲದ ತನಕ ಅಳೆದು ತಾ" ಎಂದರು.

ಸಾಹೇಬರು ಮಹಡಿಯ ಮೇಲೆ ಪೇಪರ್ ಓದುತ್ತಿದ್ದರು. "ಸಾಮಿ, ಕೈ ಆಚೆ ಚಾಚಿ." ಏನೋ ಎಂದು ಚಾಚಿದರು. ಇವನು ದಾರದ ತುದಿ ಆ ಕೈಗೆ ಕೊಟ್ಟು ಕೆಳಗೆ ಇಳಿಬಿಟ್ಟ, ಅಂಗಳಕ್ಕೆ ಓಡಿದ, ನೆಲ ಮುಟ್ಟಿದಲ್ಲಿ ಗಂಟು ಹಾಕಿದ.

"ಇದೇನೋ, ಬಾವಿ ಹಗ್ಗದಷ್ಟಿದೆ?" ಎಂದರು ಆಚಾರಿಗಳು. "ನಿಮ್ಮ ಸಾಹೇಬರು ಮಹಡಿ ಮೇಲೆ ನಿಂತು ಆಡ್ತಾರಾ? ನಡಿಯೋ! ಮುರುಕು ಜೋಡಿಸಿ ನಾನೇ ನೋಡ್ಕೋತೀನಿ. ನಾಳೆ ಬಾ!"

ಪಾಪಮ್ಮನ ಕಣ್ಣಲ್ಲಿ ನೀರು ಬಂತು. "ಅಯ್ಯೋ ನನ್ನಪ್ಪಾ! ಅಳತೆ ನೋಡೋದು ಹಂಗಲ್ಲ ಕಣೋ! ಹಳೇದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಎಳ್ಳಿನಷ್ಟೂ ವ್ಯತ್ಯಾಸ ಇರಬಾರದು. ಇದ್ದರೆ ಸರಿಮಾಡಿಯೇ ಸಾಹೇಬರಿಗೆ ಕೊಡು!"

"ಆಗಲಮ್ಮ, ಹಂಗೇ ಮಾಡ್ತೀನಿ."

ವೀರಾಚಾರಿಗಳು ಒಳ್ಳೆಯ ಕೆಲಸಗಾರರು. ಗಾಡಿಯ ಅಚ್ಚಿಗೆಂದು ಇಟ್ಟಿದ್ದ ದಿಂಡಿಗದ ಮರ ಸೀಳಿ, ಹೆರೆದು, ನುಣುಪು ಮಾಡಿ, ಅರಗು ಕಾಯಿಸಿ ಕಬ್ಬಿಣದ ತಲೆಯನ್ನು ಭದ್ರವಾಗಿ ಕೂರಿಸಿದ್ದರು. ಹಳೇ ಕಾವಿನ ಎರಡು ತುಂಡನ್ನೂ ಕಟ್ಟಿ ಕೈಗಿತ್ತರು. ಶುಕ್ರವಾರ ಮುನಿವೆಂಕಟ ಹೊಂಗೆ ಮರದ ಕೆಳಗೆ ಕೂತು ಪಕ್ಕಪಕ್ಕ ಇಟ್ಟು ನೋಡಿದ. ಉದ್ದ ಸರಿ. ದಪ್ಪ ಸರಿ. ಆದರೆ ಹಳೇದು ಎರಡು ತುಂಡು. ಹೊಸದು ಒಂದೇ!

"ಸದ್ಯ, ನೋಡಿದ್ದು ಒಳ್ಳೇದಾಯ್ತು!" ಎಂದುಕೊಂಡ. ಬಯಲಿಗೆ ಹೋದ. ಅದೇ ಗುಂಡುಕಲ್ಲು ಹುಡುಕಿದ. ಇದ್ದ ಶಕ್ತಿಯೆಲ್ಲ ಹಾಕಿ ಬೀಸಿದ. ಲಟಕ್!

ಸಾಹೇಬರ ಮುಂದೆ ತುಂಡುಗಳನ್ನು ಸಾಲಾಗಿ ಜೋಡಿಸಿ, "ಎಳ್ಳಿನಷ್ಟೂ ವ್ಯತ್ಯಾಸ ಇಲ್ಲ ಸಾಮಿ!" ಎಂದ.

ಸಾಹೇಬರ ಮುಖ ಕೆಂಪಾಯಿತು. ಬೈಯಲು ಬಾಯಿ ತೆರೆದರು. ಆದರೆ ಕಣ್ಣು ತುಂಡುಗಳ ಮೇಲೆ ನಿಂತಿತು. ಗೇಣು ಹಾಕಿ ನೋಡಿದರು. ಮತ್ತೆ ನೋಡಿದರು. ಹಳೇದು ಮುರಿದಲ್ಲೇ ಹೊಸದೂ ಮುರಿದಿದೆ!

"ಎಷ್ಟು ಏಟು ಹಾಕಿದೆಯೋ?"

"ಒಂದೇ ಸಾಮಿ."

"ಹನ್ನೆರಡು ವರ್ಷದಿಂದ ಹೊಡೀತಿದ್ದೀನಿ. ಒಂದೇ ಜಾಗಕ್ಕೆ ಎರಡು ಸಲ ನನ್ನ ಏಟು ಬಿದ್ದಿಲ್ಲ. ನಿನಗೆ ಹೇಗಯ್ಯಾ ಬಿತ್ತು?" ಅವನಿಗೆ ಗೊತ್ತಿದ್ದರೆ ತಾನೇ! ಸಾಹೇಬರು ಹೇಳಿದರು: "ನಾಳೆ ಇನ್ನೊಂದು ಹಾಕಿಸಿ ತಾ. ಅದು ಮಾತ್ರ ಮುರಿಯಕೂಡದು. ಮುರಿದ ದಿನ ನಿನ್ನ ಕೆಲಸ ಹೋಯಿತು. ಮುರಿಯೋ ತನಕ ಇರು!"

"ಸಾಹೇಬರ ಮಾತು ಕೇಳಿಸ್ಕೊಂಡೆಯಾ?" ಎಂದಳು ಮನೆಯಲ್ಲಿ ವಿಷಯ ತಿಳಿದ ಪಾಪಮ್ಮ. "ಏನೇ ಆಗಲಿ, ಯಾರೇ ಕೇಳಲಿ, ಅದನ್ನ ಮುರಿಯೋಕೆ ಬಿಡಬೇಡ!"

"ಆಗಲಮ್ಮ, ಹಂಗೇ ಮಾಡ್ತೀನಿ."

ಶನಿವಾರ ಹೊಸ ಕಾವು ಬಂತು. ಭಾನುವಾರ ಪಂದ್ಯ. ಸಾಹೇಬರು ಮೊದಲು ಚೀಲದ ಬೇರೆ ಕೋಲಿನಿಂದ ಹೊಡೆದ ಚೆಂಡು ಉರುಳಿ ಉರುಳಿ ಹೋಗಿ ನಿಂತದ್ದೆಲ್ಲಿ? ಅದೇ ಗುಂಡುಕಲ್ಲಿನ ಪಕ್ಕ!

"ಕೊಡೋ ಹೊಸ ಕಾವಿನ ಕೋಲು."

ಮುನಿವೆಂಕಟ ಕೋಲನ್ನು ಎದೆಗೆ ಅವಚಿಕೊಂಡ. "ಕೊಡಲ್ಲ ಸಾಮಿ."

"ಏನಂದೆ?"

"ಕೊಟ್ರೆ ನೀವು ಹೊಡೀತೀರ. ಹೊಡೆದ್ರೆ ಕಲ್ಲಿಗೆ ಬೀಳುತ್ತೆ. ಬಿದ್ರೆ ಮುರಿಯುತ್ತೆ. ಮುರಿದ್ರೆ ನನ್ನ ಕೆಲಸ ಹೋಗುತ್ತೆ. ಮುರಿಯೋ ತನಕ ಇರು ಅಂದ್ರಲ್ಲ ನೀವು. ನಮ್ಮಮ್ಮ ಆಂಜನೇಯನಿಗೆ ಹರಕೆ ಹೊತ್ತವ್ಳೆ ಸಾಮಿ!"

ಸಾಹೇಬರು ಎಳೆದರು. ಇವನು ಬಿಡಲಿಲ್ಲ. ಕಲ್ಲಿನ ಸುತ್ತ ಓಡಿದರು, ಇವನೂ ಓಡಿದ. ಕೋಲುಗಳ ಚೀಲವೂ ಅವನ ಬೆನ್ನ ಮೇಲೇ. ಸುಸ್ತಾಗಿ, ಡಾಕ್ಟರ ಕೊಡೆ ಇಸಿದುಕೊಂಡು, ಅದರ ಹಿಡಿಯಿಂದಲೇ ಹೊಡೆದರು. ಚೆಂಡು ಕೆರೆಗೆ ಬಿತ್ತು.

"ನಿನ್ನನ್ನ ಈಗಲೇ ತೆಗೆದು..."

ಡಾಕ್ಟರು ನಗು ತಡೆಯಲಾರದೆ ಹುಲ್ಲಿನ ಮೇಲೆ ಕೂತುಬಿಟ್ಟರು. "ಹೇಗೆ ತೆಗೀತೀರಿ ಕರ್ನಲ್? ಮುರಿಯೋ ತನಕ ಇರು ಅಂದವರು ನೀವೇ. ಕೋಲು ಮುರಿದಿಲ್ಲವಲ್ಲ!"

ಸಾಹೇಬರು ಕೊಟ್ಟ ಮಾತಿಗೆ ತಪ್ಪದ ಮನುಷ್ಯ. ಮುನಿವೆಂಕಟ ಉಳಿದ. ಆಂಜನೇಯನಿಗೆ ನೂರೆಂಟು ವಡೆಯ ಹಾರ ಬಿತ್ತು. ಆ ಕೋಲು ಮಾತ್ರ ಅವನ ಎದೆಯ ಮೇಲೆಯೇ ಬಯಲು ಸುತ್ತಿತು. ಒಂದು ದಿನವೂ ಒಂದು ಚೆಂಡನ್ನೂ ಮುಟ್ಟಲಿಲ್ಲ.

ಬೈರೇಗೌಡ ಮಾವ ನನಗೆ ಹೇಳಿದರು, ನಾನು ನಿಮಗೆ ಹೇಳಿದೆ. ನೀವು ನಿಮ್ಮ ಮನೆಯ ಜಗಲಿಯಲ್ಲಿ ಇನ್ನೊಬ್ಬರಿಗೆ ಹೇಳಿ. ಮುನಿವೆಂಕಟನ ಹಾಗೆ ಅವಚಿಕೊಂಡು ಕೂತುಬಿಡಬೇಡಿ. ಬಳಸಿದರೆ ಕತೆ ಮುರಿಯುವುದಿಲ್ಲ.