ಒಂದು ಗೀರೂ ಬೀಳದ ರೀಲು

ಟೆಂಟ್ ಸಿನಿಮಾದ ಪ್ರೊಜೆಕ್ಟರಿಗೂ ನನಗೂ ಆದ ಕರಾರು ಇಷ್ಟೇ: ನಾನು ನಲವತ್ತು ಆಟ ಓಡಬೇಕು, ಮೈಮೇಲೆ ಒಂದು ಗೀರು ಬಿದ್ದರೂ ಗುಜರಿಗೆ ಹೋಗಬೇಕು. ನಾನು ಚಾಲಾಕಿ ರೀಲು. ಮೈತುಂಬ ವಾರ್ನಿಷ್ ಬಳಿಸಿಕೊಂಡೆ.

“ಧಣೀ, ಬೀಳುವ ಗೀರೆಲ್ಲ ನನ್ನ ಮೇಲೆ ಬೀಳಲಿ. ನಾನು ಒಣಗುವ ತನಕ ಮಾತ್ರ ಸುತ್ತಿಕೊಳ್ಳಬೇಡಿ,” ಎಂದಿತು ವಾರ್ನಿಷ್.

“ನನಗೇ ವ್ಯಾಪಾರ ಕಲಿಸ್ತೀಯೇನಯ್ಯಾ? ಜನ ಆಗಲೇ ಸಾಲು ನಿಂತಿದ್ದಾರೆ!” ಎಂದು ಹಸಿಹಸಿಯಾಗಿಯೇ ಬಿಗಿಯಾಗಿ ಸುತ್ತಿಕೊಂಡೆ.

ಆಟದ ಹೊತ್ತಿಗೆ ಒಂದು ಸುತ್ತು ಇನ್ನೊಂದಕ್ಕೆ ಅಂಟಿ ಬೆಲ್ಲದಚ್ಚಿನಂತಾಗಿದ್ದೆ. “ಸ್ವಲ್ಪ ಬಿಚ್ಚಿಕೊಳ್ಳಿ, ಯಜಮಾನರೇ,” ಎಂದು ಪ್ರೊಜೆಕ್ಟರ್ ಎಷ್ಟು ಎಳೆದರೂ ನಾನು ಬಿಚ್ಚಿಕೊಳ್ಳಲಿಲ್ಲ.

ಈಗ ಟಿಕೆಟ್ ಪುಸ್ತಕ ಗಾಳಿಗೆ ಹಾರದಂತೆ ನನ್ನನ್ನು ಅದರ ಮೇಲಿಟ್ಟಿದ್ದಾರೆ. ಒಟ್ಟು ಗಳಿಕೆ: ಓಡಿದ ಆಟ ಸೊನ್ನೆ, ಬಿದ್ದ ಗೀರೂ ಸೊನ್ನೆ. ಅರ್ಧ ಕರಾರನ್ನಂತೂ ಚಾಚೂ ತಪ್ಪದೆ ನಡೆಸಿದ್ದೇನೆ.