ನಾಲ್ಕನೆಯ ಬಡಿತ

"ಗುರುಗಳೇ, ಅವ್ವ ತೀರಿಕೊಂಡು ವರ್ಷವಾಯಿತು. ಎಲ್ಲರೂ ಬಿಡು, ಬಿಡು ಎನ್ನುತ್ತಾರೆ. ಬಿಟ್ಟರೆ ಅವಳು ಪೂರ್ತಿ ಹೋಗಿಬಿಡುವುದಿಲ್ಲವೇ?"

ಗುರುಗಳು ಮಠದ ಪಡಸಾಲೆಯಲ್ಲಿ ಕೂತು, ಊಟಕ್ಕೆ ಬೇಕಾದ ಮುತ್ತುಗದ ಎಲೆ ಹಚ್ಚುತ್ತಿದ್ದರು. ಕೇಳಿದವನು ಚನ್ನವೀರ, ಹೊಸ ಶಿಷ್ಯ. ಮಠಕ್ಕೆ ಬಂದಾಗಿನಿಂದ ಅವನ ಊಟ, ನಿದ್ದೆ ಎಲ್ಲ ಅಷ್ಟಕ್ಕಷ್ಟೇ. ಅವ್ವನ ದನಿ ಒಂದು ದಿನ ಮರೆತೇ ಹೋದೀತೆಂಬುದು ಅವನ ಭಯ.

"ಕೂಡು," ಎಂದರು ಗುರುಗಳು. "ಕೈ ಖಾಲಿ ಇಟ್ಟುಕೊಂಡು ಕತೆ ಕೇಳುವವರು ನನಗೆ ಆಗುವುದಿಲ್ಲ. ನೀನೂ ನಾಲ್ಕು ಎಲೆ ಹಚ್ಚು." ಆಮೇಲೆ ಹೇಳಿದರು.

ಒಬ್ಬ ಬಾಡಿಗೆ ಕಾರಿನ ಚಾಲಕನಿದ್ದ. ಕಾರು ಅವನ ಕೈಗೆ ಬರುವಾಗಲೇ ಮುದಿಯಾಗಿತ್ತು. ಅದರ ಇಂಜಿನ್ನಿನಲ್ಲಿ ಒಂದು ಸದ್ದಿತ್ತು. ಮೂರು ಬಡಿತ ಮೆತ್ತಗೆ, ನಾಲ್ಕನೆಯದು ಗಟ್ಟಿ.

ಗುರುಗಳು ಎಲೆ ಕೆಳಗಿಟ್ಟು, ಮಣೆಯ ಮೇಲೆ ಬೆರಳಿನಿಂದ ಬಡಿದು ತೋರಿಸಿದರು. ಟಿಕ್, ಟಿಕ್, ಟಿಕ್, ಟಕ್.

ಆ ಚಾಲಕನ ಹೆಂಡತಿಗೆ ಅದೇ ಗಡಿಯಾರ. ಓಣಿಯ ತಿರುವಿನಲ್ಲಿ ಆ ಸದ್ದು ಕೇಳಿದರೆ ಅವಳು ಒಲೆಯ ಮೇಲೆ ಹಂಚಿಡುತ್ತಿದ್ದಳು. ಅವನು ಕೈಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ರೊಟ್ಟಿ ಬೆಂದಿರುತ್ತಿತ್ತು. ಆ ಮನೆಯಲ್ಲಿ ಅವನು ಒಂದು ದಿನವೂ ತಣ್ಣನೆಯ ರೊಟ್ಟಿ ತಿಂದವನಲ್ಲ.

ಒಂದು ಸಲ ಜ್ವರ ಬಂತು. ಎಂಟೇ ದಿನದಲ್ಲಿ ಅವನು ಸತ್ತ. ಕಾರು ಮೂರು ವರ್ಷ ಬೇವಿನ ಮರದ ಕೆಳಗೆ ನಿಂತಿತು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟಿತು.

ಅವನಿಗೆ ಒಬ್ಬಳೇ ಮಗಳು, ಅಷ್ಟರಲ್ಲಿ ಹದಿನಾರು ತುಂಬಿದವಳು. ತಂದೆ ಗಾಡಿಯ ಕೆಳಗೆ ಮಲಗಿದಾಗ ನಟ್ಟು ಬಿಚ್ಚುವ ಪಾನಾ ಕೊಡುತ್ತ ಬೆಳೆದವಳು. ಒಂದು ಬೇಸಿಗೆಯಲ್ಲಿ ತಾಯಿ ಅವಳಿಗೆ, "ಅದನ್ನ ಒಮ್ಮೆ ಚಾಲೂ ಮಾಡೋಣೇನವ್ವಾ?" ಎಂದಳು. ಮಗಳು ಕುಣಿದಾಡಿದಳು. ಅಪ್ಪನ ಗಾಡಿಯನ್ನು ಒಂದು ಕುಂದೂ ಇಲ್ಲದಂತೆ ಎಬ್ಬಿಸಬೇಕೆಂಬುದು ಅವಳ ಆಸೆ. ತಾಯಿಗೆ ಬೇಕಾಗಿದ್ದದ್ದು ಬೇರೆ. ಆ ಸದ್ದನ್ನು ಅವಳು ಇನ್ನೊಮ್ಮೆ ಕೇಳಬೇಕಿತ್ತು. ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಬೇಕಾದದ್ದನ್ನು ಹೇಳದೆ ಇದ್ದು, ಆಮೇಲೆ ಸಿಗಲಿಲ್ಲವೆಂದು ಅಳುವುದರಲ್ಲಿ ನಾವೆಲ್ಲ ಗಟ್ಟಿಗರು.

ಮಗಳು ಬಿಚ್ಚಿದಳು. ತಾಯಿ ಸೀಮೆಎಣ್ಣೆಯಲ್ಲಿ ತೊಳೆದಳು. ತೊಳೆದದ್ದನ್ನು ಬಿಚ್ಚಿದ ಕ್ರಮದಲ್ಲೇ ಹಳೆಯ ಸೀರೆಯೊಂದರ ಮೇಲೆ ಸಾಲಾಗಿ ಇಟ್ಟಳು. ಒಂದರ ಹೆಸರೂ ಅವಳಿಗೆ ಗೊತ್ತಿಲ್ಲ. ಆದರೂ ಎರಡು ತಿಂಗಳಲ್ಲಿ ಒಂದು ನಟ್ಟು ಕೂಡ ಜಾಗ ತಪ್ಪಲಿಲ್ಲ. ಇಬ್ಬರ ಉಗುರಿನಲ್ಲೂ ಒಂದೇ ಮಸಿ.

ಕೊನೆಗೆ ಇಂಜಿನ್ನಿನ ಮೇಲಿನ ಮುಚ್ಚಳ ತೆಗೆದರು. ಅದರ ಕೆಳಗೆ ಎಂಟು ಚಿಕ್ಕ ತಿರುಪುಗಳು. ಏಳು ಅಳತೆಗೆ ಸರಿಯಾಗಿದ್ದವು. ಒಂದು ಮಾತ್ರ ಸಡಿಲ; ಆ ಗಟ್ಟಿ ಬಡಿತ ಹುಟ್ಟುತ್ತಿದ್ದದ್ದು ಅಲ್ಲಿಂದಲೇ. ಅದರ ಮೇಲೊಂದು ಕೆಂಪು ಬಣ್ಣದ ಗೀಟು. ಕೆಟ್ಟಿರುವುದು ಇದೇ ಎಂದು ಯಾರೋ ಗುರುತು ಹಾಕಿರಬೇಕೆಂದು ಮಗಳು ಎಣಿಸಿದಳು. ಅಳತೆ ಹಿಡಿದು ಬಿಗಿದಳು.

ಗಾಡಿ ಚಾಲೂ ಆಯಿತು. ಹಾಲು ಕಾಯುವ ಸದ್ದಿನಷ್ಟು ಮೆತ್ತಗೆ. ಓಣಿಯವರೆಲ್ಲ ಬಂದು ಭೇಷ್ ಎಂದರು. ತಾಯಿ ಕಿವಿಗೊಟ್ಟು ನಿಂತಳು. ಅವಳ ಮುಖ ಸಪ್ಪಗಾಯಿತು.

"ಇದು ನಮ್ಮ ಗಾಡಿ ಅಲ್ಲ."

"ಅವ್ವಾ, ಆ ಸದ್ದು ಗಾಡಿಗೆ ಹತ್ತಿದ ರೋಗ. ಅಪ್ಪನ ಕೈಲೆ ಆಗಲಾರದ್ದನ್ನ ನಾ ವಾಸಿ ಮಾಡೇನಿ."

"ಹೌದವ್ವಾ. ಚಲೋ ಮಾಡಿದಿ," ಎಂದು ತಾಯಿ ಒಳಗೆ ಹೋದಳು. ಅಂದು ಅವಳು ರೊಟ್ಟಿ ಬಡಿಯಲಿಲ್ಲ.

ಮಗಳಿಗೆ ಸಿಟ್ಟು ಬಂತು. ಎರಡು ತಿಂಗಳ ದುಡಿಮೆಗೆ ಇಷ್ಟೇ ಬೆಲೆಯೇ ಎನ್ನಿಸಿತು. ಮರುದಿನ ಬೆಳಿಗ್ಗೆ ಸಿಟ್ಟು ಇಳಿದ ಮೇಲೆ ಮತ್ತೆ ಮುಚ್ಚಳ ತೆಗೆದಳು. ಆ ಗೀಟನ್ನು ಈಗ ಸರಿಯಾಗಿ ನೋಡಿದಳು. ಅದು ಅರ್ಧ ತಿರುಪಿನ ಮೇಲಿತ್ತು, ಅರ್ಧ ಅದನ್ನು ಹಿಡಿದಿಡುವ ನಟ್ಟಿನ ಮೇಲೆ. ಅವಳು ಬಿಗಿದಾಗಿನಿಂದ ಎರಡು ಅರ್ಧಗಳೂ ಬೇರೆ ಬೇರೆ ಕಡೆ ಮುಖ ಮಾಡಿದ್ದವು. ಹಾಗೆ ಗೀಟು ಎಳೆಯುವುದು ಕೆಟ್ಟದ್ದನ್ನು ತೋರಿಸಲಿಕ್ಕಲ್ಲ. ಬಿಚ್ಚಿದ್ದನ್ನು ಮತ್ತೆ ಅದೇ ಜಾಗಕ್ಕೆ ತರಲಿಕ್ಕೆ. ಇದನ್ನು ಅವಳಿಗೆ ಕಲಿಸಿದವನು ಅಪ್ಪನೇ.

ಉಗುರಿನಿಂದ ಮೆಲ್ಲಗೆ ಕೆರೆದಳು. ಬಣ್ಣದ ಕೆಳಗೆ ಹಳೆಯ ಬಣ್ಣ, ಅದರ ಕೆಳಗೆ ಇನ್ನೂ ಹಳೆಯದು. ಗಾಡಿ ಬಿಚ್ಚಿದ ಪ್ರತಿ ಸಲವೂ ಅವನು ಆ ಒಂದು ತಿರುಪನ್ನು ಸಡಿಲಕ್ಕೇ ತಂದು ನಿಲ್ಲಿಸಿದ್ದ. ತಪ್ಪಬಾರದೆಂದು ಮತ್ತೆ ಗೀಟು ಎಳೆದಿದ್ದ. ಆ ಸದ್ದನ್ನು ತೆಗೆಯಲು ಅವನಿಗೆ ಬರುತ್ತಿರಲಿಲ್ಲವೆಂದಲ್ಲ. ತೆಗೆದರೆ ಮನೆಯವಳಿಗೆ ತಾನು ಬಂದದ್ದು ತಿಳಿಯದಲ್ಲ!

ಚನ್ನವೀರ, ಈ ಕತೆಯನ್ನು ಎಷ್ಟು ಸಲ ಹೇಳಿದ್ದೇನೋ ನನಗೇ ಲೆಕ್ಕವಿಲ್ಲ. ಇಲ್ಲಿಗೆ ಬಂದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಎಲ್ಲರೂ ಕುಂದು ಎಂದದ್ದನ್ನು ಒಬ್ಬ ಮನುಷ್ಯ ಅಷ್ಟು ವರ್ಷ ಅಷ್ಟು ಜತನದಿಂದ ಕಾಪಾಡಿದ್ದ. ಯಾರಿಗಾಗಿ ಕಾಪಾಡಿದನೋ ಅವಳಿಗೂ ಹೇಳಿರಲಿಲ್ಲ.

ಮಗಳು ಗೀಟಿಗೆ ಗೀಟು ಕೂಡಿಸಿದಳು. ಪಕ್ಕದ ಮನೆಯಲ್ಲಿ ಇನ್ನೊಬ್ಬ ಚಾಲಕನಿದ್ದ. ಅವನನ್ನು ಕರೆದಳು. ತಾಯಿಗೆ ತಿಳಿಯದಂತೆ ಇಬ್ಬರೂ ಗಾಡಿಯನ್ನು ಓಣಿಯ ತಿರುವಿನ ಆಚೆಗೆ ತಳ್ಳಿಕೊಂಡು ಹೋದರು. ಅಲ್ಲಿ ಅವನು ಚಾಲೂ ಮಾಡಿ, ಮನೆಯ ಕಡೆ ಓಡಿಸಿಕೊಂಡು ಬಂದ.

ಟಿಕ್, ಟಿಕ್, ಟಿಕ್, ಟಕ್.

ಮಗಳು ಇಳಿದು, ಕೈ ತೊಳೆದು ಒಳಗೆ ಬಂದಾಗ ಒಲೆ ಉರಿಯುತ್ತಿತ್ತು. ಹಂಚಿನ ಮೇಲೆ ರೊಟ್ಟಿ ಉಬ್ಬಿತ್ತು. ತಾಯಿ ಹಿಟ್ಟು ಮೆತ್ತಿದ ತನ್ನ ಕೈಗಳನ್ನು ಯಾರದೋ ಕೈಗಳೆಂಬಂತೆ ನೋಡುತ್ತ ಕೂತಿದ್ದಳು. ಯಾವಾಗ ಎದ್ದೆ, ಯಾವಾಗ ಹಂಚಿಟ್ಟೆ ಎಂಬುದು ಅವಳಿಗೇ ತಿಳಿಯದು.

ಮಗಳು ಗೀಟಿನ ವಿಷಯ ಹೇಳಿದಳು. ತಾಯಿ ರೊಟ್ಟಿ ತಿರುವುವುದನ್ನೇ ಮರೆತಳು. ರೊಟ್ಟಿಯ ಅಂಚು ಸೀದುಹೋಯಿತು.

"ಇಷ್ಟ ವರ್ಷ ಗಾಡಿ ಒದರತದ ಅಂತ ತಿಳಿದಿದ್ನಿ," ಎಂದಳು. "ಅವರು ಕರೀತಿದ್ರು."

ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಮಗಳ ಮುಂದೆ ತಾಟು ಇಟ್ಟಳು. "ಉಣ್ಣು. ಉಂಡು ಅದನ್ನ ಮತ್ತ ಬಿಗಿ ಮಾಡು. ಹಿಂಗ ಓಡಿಸಿದ್ರ ಇಂಜಿನ್ ಸವೀತದ, ಹೌದಿಲ್ಲೋ?"

"ಸದ್ದು ಹೋಗ್ತದಲ್ಲವ್ವಾ!"

"ಹೋಗ್ಲಿ. ಇನ್ನ ಅದು ನಿನ್ನ ಗಾಡಿ."

ಮಗಳು ಉಂಡಳು. ತಿರುಪು ಬಿಗಿದಳು. ಗೀಟನ್ನು ಮಾತ್ರ ಒರೆಸಲಿಲ್ಲ.

ಗುರುಗಳು ಮತ್ತೆ ಎಲೆ ಎತ್ತಿಕೊಂಡರು. ಚನ್ನವೀರನ ಕೈಯಲ್ಲಿದ್ದ ಎಲೆ ಯಾವಾಗಲೋ ಜಾರಿ ಬಿದ್ದಿತ್ತು. ಅವನ ಕಣ್ಣು ತುಂಬಿತ್ತು. ಅವನ ಬೆರಳು ತನ್ನಷ್ಟಕ್ಕೆ ಮೊಣಕಾಲಿನ ಮೇಲೆ ಬಡಿಯುತ್ತಿತ್ತು, ಮೂರು ಸಲ ಮೆತ್ತಗೆ, ಒಂದು ಸಲ ಗಟ್ಟಿಯಾಗಿ. ಅವನಿಗೆ ಅದರ ಅರಿವಿರಲಿಲ್ಲ.

"ಆದರೂ ಗುರುಗಳೇ," ಎಂದ, "ಆ ಸದ್ದು ಹೋಗಿಯೇ ಬಿಟ್ಟಿತಲ್ಲ?"

"ಹೋಗಿದ್ದರೆ, ನಿನ್ನ ಬೆರಳು ಬಡಿಯುತ್ತಿರುವುದು ಏನು?"