ಗಿಡ್ಡ ಕೋವಿಯೂ ಜುಂಜನ ಅವ್ವನೂ

ಹೂಂಗುಟ್ಟುತ್ತಿರಿ, ಇಲ್ಲದಿದ್ದರೆ ಹೇಳುವವನಿಗೇ ನಿದ್ದೆ ಬರುತ್ತದೆ. ಒಂದು ಕೋಟೆ. ಕೋಟೆಯ ಬುಡದಲ್ಲೊಂದು ಗುಡಿಸಲು. ಗುಡಿಸಲಲ್ಲಿ ಮಾರವ್ವ, ಅವಳ ಒಬ್ಬನೇ ಮಗ ಜುಂಜ. ಜುಂಜ ಮಡಕೆ ಮುಟ್ಟಿದರೆ ಮಡಕೆ ಮುರಿಯಿತು, ನೊಗ ಮುಟ್ಟಿದರೆ ನೊಗ ಮುರಿಯಿತು. ಮನಸ್ಸು ಮಾತ್ರ ಬಲು ಒಳ್ಳೆಯದು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಕಷ್ಟ! ಮಾರವ್ವ ಬೈಯಲು ನಿಂತರೆ ಕೋಟೆಯ ಮೇಲಿನ ಪಾರಿವಾಳಗಳೆಲ್ಲ ಎದ್ದು ಹಾರುತ್ತಿದ್ದವು. ಬೈದು ಮುಗಿದ ಮೇಲೆ ಅವಳಿಗೆ ಒಂದೇ ಚಿಂತೆ: ನಾನು ಕಣ್ಣು ಮುಚ್ಚಿದರೆ ಇವನಿಗೆ ಅನ್ನ ಹಾಕುವವರು ಯಾರು?

ಒಂದು ದಿನ ಕೋಟೆಯ ಕಮ್ಮಾರ ಕಾಳಾಚಾರಿ ಬಂದ. ಕೈಯಲ್ಲಿ ಹೊಸ ಕೋವಿ, ಗಿಡ್ಡನೆಯದು, ಕುದುರೆಯ ಮೇಲಿಂದ ಹಾರಿಸುವಂಥದು.

“ಮಾರವ್ವಾ, ದಂಡಿಗೆಲ್ಲ ಇಂಥದ್ದೇ ಮಾಡಿಸ್ಬೇಕು ಅಂತ ನಮ್ಮ ಕೋಟೆ ನಾಯಕರ ಮನಸ್ಸು. ಎಷ್ಟು ತಡೀತೈತೆ ಅಂತ ಮೊದ್ಲು ನೋಡ್ಬೇಕು. ನಿನ್ ಮಗನ ಕೈಯಾಗೆ ಉಳಿದ್ರೆ ಯಾವ ಯುದ್ಧದಾಗೂ ಉಳೀತೈತೆ! ಉಳಿದ್ರೆ ಇವನಿಗೆ ಕೋಟೆ ಬಾಗಿಲ ಕಾವಲು ಕೊಡಿಸ್ತೀನಿ. ಲೋ ಜುಂಜ, ಕರುಣೆ ತೋರಿಸ್ಬೇಡ. ಚೆನ್ನಾಗಿ ದುಡಿಸು!”

ಜುಂಜ ದುಡಿಸಿದ. ಕೋವಿಯಲ್ಲಿ ಹೊಲ ಅಗೆದ, ರಾಗಿ ಬಡಿದ, ಬಂಡೆ ಮೀಟಿದ. ಸಂಜೆ ಮಣ್ಣು ಮೆತ್ತಿದ ಕೋವಿ ನೋಡಿ ಮಾರವ್ವ ಎದೆ ಬಡಿದುಕೊಂಡಳು. “ಅಯ್ಯೋ ನನ್ನ ಹಣೆಬರವೇ! ಕೋವೀನ ಗುದ್ದಲಿ ಮಾಡಿದ್ಯೇನೋ! ಆಚಾರ್ರು ಕೊಟ್ಟದ್ದನ್ನ ತೊಳೆದು, ಒರೆಸಿ, ಎಣ್ಣೆ ಹಚ್ಚಿಡ್ಬೇಕು ಕಣೋ!”

“ಆಗಲವ್ವಾ.”

ಮಾರನೆಯ ದಿನ ಆಚಾರಿ ಬಂದು ಹಾರಿಸಿ ನೋಡಿದ. ಢಂ! ಕೋವಿ ಗಟ್ಟಿ. ಖುಷಿಯಾಗಿ ಜುಂಜನ ಕೈಗೆ ಒಂದು ಚೀಲ ಕೋವಿಮದ್ದು ಕೊಟ್ಟು ಹೋದ. ಜುಂಜ ಮದ್ದನ್ನು ಹಳ್ಳಕ್ಕೆ ಒಯ್ದು ತೊಳೆದ, ಒರೆಸಿದ, ಹರಳೆಣ್ಣೆ ಹಚ್ಚಿದ. ಹಳ್ಳವೆಲ್ಲ ಕಪ್ಪು!

“ನೆಂದ ಮದ್ದು ಹಾರ್ತೈತೇನೋ ದಡ್ಡ ಶಿಖಾಮಣಿ!” ಮಾರವ್ವ ಕೂಗಿದಳು. “ಗಾಳಿ ತಾಗ್ದಂಗೆ, ನೀರು ಸೋಕ್ದಂಗೆ, ಕಂಬಳೀಲಿ ಸುತ್ತಿ ಬೆಚ್ಚಗಿಡ್ಬೇಕು!”

“ಆಗಲವ್ವಾ.”

ಆಚಾರಿ ಮತ್ತೆ ಬಂದ. “ಕೋವೀನ ಇವತ್ತು ಕೆರೇಲಿ ಮುಳುಗಿಸಿಡು. ನಾಳೆ ಹಾರಿಸಿ ನೋಡೋಣ.” ಜುಂಜ ಅವ್ವನ ಒಂದೇ ಒಂದು ಕಂಬಳಿಯನ್ನು ಕೋವಿಗೆ ಸುತ್ತಿ, ಒಲೆಯ ಪಕ್ಕ ಅವಳ ಜಾಗದಲ್ಲೇ ಮಲಗಿಸಿದ. ಮಾರವ್ವ ಬರಿ ನೆಲದ ಮೇಲೆ ನಡುಗುತ್ತ ಬೆಳಗು ಮಾಡಿದಳು. ಎದ್ದವಳು ಬೈದಳು, ಬೈದು ಬೈದು ಸಾಕಾಗಿ ಜಗಲಿಯ ಮೇಲೆ ಕೂತಳು.

“ನಾನೆಷ್ಟು ದಿನ ಹೇಳ್ಕೊಡಲೋ ಮಗಾ? ಇನ್ ಮೇಲೆ ಯಾರೇನು ಹೇಳಿದ್ರೂ ಒಂದು ಗಳಿಗೆ ಯೋಚ್ನೆ ಮಾಡು. ಆಮೇಲೆ ಮಾಡು.”

“ಆಗಲವ್ವಾ.”

ಆಮೇಲೆ ಆಚಾರಿಯೇ ನಿಂತು ಕೋವಿಯನ್ನು ಕೆರೆಯಲ್ಲಿ ಮುಳುಗಿಸಿದ, ಕೆಸರಲ್ಲಿ ಹೂತ, ಜುಂಜನ ಕೈಲಿ ಬಂಡೆಯಿಂದ ಬಂಡೆಗೆ ಎಸೆಸಿದ. ಒಂದು ಸಲವೂ ಅದು ಕೈಕೊಡಲಿಲ್ಲ.

ನಾಯಕರ ಆಳು ಬಂದು ಹೇಳಿದ: “ಎಷ್ಟು ದುಡಿಸಿದ್ರೂ ಕೆಡದೆ ನಿಂತದ್ದನ್ನ ಹೆಗಲ ಮೇಲೆ ಹೊತ್ಕೊಂಡು ಬರಬೇಕಂತೆ!”

ಜುಂಜ ಒಂದು ಗಳಿಗೆ ಯೋಚನೆ ಮಾಡಿದ. ಹುಟ್ಟಿದ ಮೇಲೆ ಅದೇ ಮೊದಲು. ಯೋಚನೆ ಮಾಡಿದವನೇ ಅವ್ವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಹೊರಟ. “ಇಳಿಸೋ! ಇಳಿಸೋ ಮುಠ್ಠಾಳ!” ಪಾರಿವಾಳಗಳು ಎದ್ದವು. ಆಚಾರಿ ಕೋವಿ ಹಿಡಿದು ಅವರ ಹಿಂದೆ ಓಡಿದ.

“ಇದೇನೋ ಇದು?” ಕೋಟೆಯಲ್ಲಿ ನಾಯಕರು ಕೇಳಿದರು.

“ಕೆಡದೆ ನಿಂತದ್ದು ಬುದ್ಧೀ. ಕೋವಿ ದುಡಿದದ್ದು ಮೊನ್ನೆಯಿಂದ. ನಮ್ಮವ್ವ ನಾನು ಹುಟ್ಟಿದಾಗಿಂದ ದುಡೀತವ್ಳೆ. ಮಳೇಲಿ ನೆಂದವ್ಳೆ, ಬಿಸಿಲಲ್ಲಿ ಒಣಗವ್ಳೆ, ಕಂಬಳಿ ಇಲ್ದೆ ಮಲಗವ್ಳೆ. ಕೆಟ್ಟಿಲ್ಲ.”

ಯಾರೂ ನಗಲಿಲ್ಲ. ನಾಯಕರು ಆಚಾರಿಯ ಕೈಯಿಂದ ಕೋವಿ ತೆಗೆದುಕೊಂಡು ಗುರಿಗೆಂದು ಇಟ್ಟಿದ್ದ ಮಡಕೆಗಳಲ್ಲಿ ಒಂದಕ್ಕೆ ಹಾರಿಸಿದರು. ಮಡಕೆ ಚೂರುಚೂರು. “ಇಂಥದ್ದೇ ಮಾಡು ಆಚಾರಿ. ನಾಳೆಯಿಂದ ಬಾಗಿಲ ಕಾವಲು ಈ ಹುಡುಗಂದೇ.” ಆಮೇಲೆ ಮೀಸೆಯಲ್ಲೇ ನಕ್ಕು, “ಜುಂಜಾ, ನೀನು ತಂದದ್ದನ್ನೂ ಹಾರಿಸಿ ತೋರಿಸು,” ಅಂದರು.

ಜುಂಜ ಅವ್ವನ ಮುಖ ಇನ್ನೊಂದು ಮಡಕೆಯ ಕಡೆ ಬರುವ ಹಾಗೆ ತಿರುಗಿ ನಿಂತ. “ಅವ್ವಾ, ಬೈಯಿ!”

ಮಾರವ್ವ ಬಾಯಿ ತೆರೆದಳು. ಬೈಗುಳ ಹಾರಲಿಲ್ಲ. ಜುಂಜನ ತಲೆಯ ಮೇಲೆ ತೊಟ್ಟುತೊಟ್ಟಾಗಿ ನೀರು ಬಿತ್ತು. ಅವನು ತಲೆ ಮುಟ್ಟಿ ನೋಡಿಕೊಂಡ.

“ವಸಿ ತಡೀರಿ ಬುದ್ಧೀ,” ಅಂದ, “ಮದ್ದು ನೆಂದೈತೆ.”